ಕಮಲ ಶೆಡ್ತಿಯವರ ಸಂಶಯ

ಕಮಲ ಶೆಡ್ತಿಯವರು ಯಾರು ಕೊಟ್ಟ ಚಹಾವನ್ನಾದರೂ ಮೂಸಿ ನೋಡಿಯೇ ಕುಡಿಯುತ್ತಿದ್ದರು. ಅರುವತ್ತರ ದಶಕದ ಆರಂಭದಲ್ಲಿ, ಕೆರೆಯಲ್ಲಿ ಮೀನು ಸಾಕುವುದನ್ನು ಹೇಳಿಕೊಡಲು ನಾನು ಮೀನುಗಾರಿಕೆ ಇಲಾಖೆಯಿಂದ ಶಿರ್ತಾಡಿಗೆ ಹೋದಾಗ, "ಸರಕಾರಕ್ಕೆ ನನ್ನ ಕೆರೆಯ ಮೇಲೆ ಯಾಕೆ ಇಷ್ಟು ಪ್ರೀತಿ?" ಎಂದೇ ಅವರು ಕೇಳಿದ್ದು. ಆದರೂ ಕಾಟ್ಲಾ ಮೀನಿನ ಮರಿಗಳನ್ನು ಬಿಡಲು ಒಪ್ಪಿದರು. ಗಂಡನಿಲ್ಲ, ಮಕ್ಕಳಿಲ್ಲ. ತೌಡು, ಹಿಂಡಿ ಹಾಕುತ್ತಾ ದಿನವಿಡೀ ದಂಡೆಯಲ್ಲೇ ಕೂತಿರುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಮೀನು ಸಾಯತೊಡಗಿತು. ಸತ್ತವುಗಳ ಮೈಮೇಲೆ ಹತ್ತಿಯಂಥ ಬಿಳಿ ಬೂಸ್ಟು. ಶೆಡ್ತಿಯವರ ಸಂಶಯ ಪಕ್ಕದ ಗದ್ದೆಯ ದೂಮಣ್ಣನ ಮೇಲೆ ಹೋಯಿತು. ನೀರಿನ ವಿಷಯದಲ್ಲಿ ಇಬ್ಬರ ನಡುವೆ ಹಿಂದೆ ಮಾತಿಗೆ ಮಾತು ಬೆಳೆದಿತ್ತು.

"ವಿಷ ಹಾಕಿದ್ದು ನೀನೇ" ಎಂದು ಊರವರ ಎದುರಿಗೇ ಹೇಳಿಬಿಟ್ಟರು.

"ನಾನು ನಿಮ್ಮ ಕೆರೆಯ ನೀರು ಮುಟ್ಟಿದವನಲ್ಲ ಅಕ್ಕ" ಎಂದ ದೂಮಣ್ಣ. ಅವರು ನಂಬಲಿಲ್ಲ. ನಾನು ಸತ್ತ ಮೀನುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದುಕೊಂಡೆ.

ಮೀನು ಎಷ್ಟು ಬೆಳೆದಿದೆ ಎಂದು ನೋಡುವ ನನ್ನ ಕೆಲಸ ಮಳೆ ಬಿಟ್ಟಾಗಿನಿಂದ ನಡೆದೇ ಇತ್ತು. ಹದಿನೈದು ದಿನಕ್ಕೊಮ್ಮೆ ಬಲೆ ಎಳೆದು, ಮೀನುಗಳನ್ನು ಬಕೆಟ್ಟಿಗೆ ತುಂಬಿ, ಒಂದೊಂದನ್ನೇ ತೂಗಿ, ಅಳೆದು, ಮತ್ತೆ ನೀರಿಗೆ ಬಿಡುತ್ತಿದ್ದೆ. ಒಂದು ಮಧ್ಯಾಹ್ನ ಬಲೆ ಹಿಡಿದು ಹೋದರೆ ಶೆಡ್ತಿಯವರು ಅಡ್ಡ ನಿಂತರು.

"ಮಾಸ್ಟ್ರೇ, ನೀವು ಬಂದುಹೋದ ಮೂರು ನಾಲ್ಕು ದಿನಕ್ಕೇ ಮೀನು ಸಾಯುವುದು. ನಾನು ನೋಡಿದ್ದೇನೆ."

"ಹಾಗಾದ್ರೆ ನಾನು ವಿಷ ಹಾಕ್ತೇನಾ?"

"ವಿಷ ಅಲ್ಲ, ನೀವು ಹೆದರಿಸ್ತೀರಿ. ನೀವು ಹೋದ ಮೇಲೆ ಎರಡು ದಿನ ಅವು ತೌಡು ಮುಟ್ಟುವುದಿಲ್ಲ. ಮೂಲೆಯಲ್ಲಿ ನಿಲ್ತವೆ. ಬೂಸ್ಟು ಬರುವುದೂ ಬಲೆ ತಾಗಿ ಮೈ ತರಚಿದ ಜಾಗದಲ್ಲೇ."

ನನಗೆ ಸಿಟ್ಟು ಬಂತು. ಆದರೂ ಬಲೆ ಹಾಕದೆ ಎರಡು ತಿಂಗಳು ಕಾದೆ. ಒಂದು ಮೀನೂ ಸಾಯಲಿಲ್ಲ.

ಶೆಡ್ತಿಯವರು ನನ್ನನ್ನೂ ಕರೆದುಕೊಂಡು ದೂಮಣ್ಣನ ಅಂಗಳಕ್ಕೆ ಹೋದರು. "ನಿನ್ನ ಮೇಲೆ ನಾನು ಹೇಳಿದ್ದು ಸುಳ್ಳು ದೂಮಣ್ಣ. ಊರವರಿಗೆಲ್ಲ ನಾನೇ ಹೇಳ್ತೇನೆ."

"ನಾಲ್ಕು ಜನರ ಮುಖ ನೋಡ್ಲಿಕ್ಕಾಗದೆ ನನ್ನ ಹೆಂಡತಿ ಬಾವಿಕಟ್ಟೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ ಅಕ್ಕ" ಎಂದಷ್ಟೇ ಅವನು ಹೇಳಿದ. ಮರುದಿನ ಬೆಳಿಗ್ಗೆ ಶೆಡ್ತಿಯವರು ಆಕೆಯ ಕೈಹಿಡಿದು, ಎಲ್ಲರೂ ನೋಡುವ ಹಾಗೆ, ಬಾವಿಗೆ ಕರೆದೊಯ್ದರು.

ನನಗೆ ಬೆಳ್ತಂಗಡಿಗೆ ವರ್ಗವಾದಾಗ ಅವರು ಬಸ್ಸಿನ ತನಕ ಬಂದರು. "ಅಲ್ಲಿ ಮೀನು ಸತ್ತರೆ ಊರವರನ್ನು ಕೇಳುವ ಮೊದಲು ನಿಮ್ಮ ಬಲೆಯನ್ನು ಕೇಳಿ ಮಾರಾಯ್ರೆ" ಎಂದರು.

ಮುಂದಿನ ವರ್ಷ ಅವರು ತೀರಿಕೊಂಡರು. ಆ ಸುದ್ದಿ ಹೇಳಲೆಂದೇ ಶಿರ್ತಾಡಿಯಿಂದ ಎರಡು ಬಸ್ಸು ಹತ್ತಿ ನನ್ನಲ್ಲಿಗೆ ಬಂದವನು ದೂಮಣ್ಣ.