ಎಚ್ಚರವಿದ್ದವರ ಸಮ್ಮೋಹನ

ಎರಡು ವರ್ಷಗಳ ಹಿಂದೆ ನಾನು ನಾಶಿಕ್ ಹೊರವಲಯದ ದ್ರಾಕ್ಷಿತೋಟದ ನಡುವಿನ ರೆಸಾರ್ಟ್ ಒಂದರಲ್ಲಿ ಬ್ಯಾಂಕ್ವೆಟ್ ಎಕ್ಸಿಕ್ಯೂಟಿವ್ ಆಗಿದ್ದೆ. ಸಮಾರಂಭ ಇಟ್ಟುಕೊಂಡವರಿಗೆ ಹಾಲ್, ಊಟ, ಮನರಂಜನೆ ಎಲ್ಲವನ್ನೂ ಹೊಂದಿಸಿಕೊಡುವುದು ಈ ಹುದ್ದೆಯ ಕೆಲಸ. ನಾಶಿಕ್‌ನ ಕೈಗಾರಿಕಾ ಪ್ರದೇಶವಾದ ಅಂಬಡ್‌ನ ಕಂಪನಿಯೊಂದು ತನ್ನ ಡೀಲರ್‌ಗಳಿಗೆ ಔತಣ ಏರ್ಪಡಿಸಿ, ಜಾದೂಗಾರ ಬೇಕೆಂದು ಕೇಳಿತು. ಛತ್ರಪತಿ ಸಂಭಾಜಿನಗರದ ಒಬ್ಬನನ್ನು ಗೊತ್ತುಮಾಡಿದೆ. ಇಸ್ಪೀಟು, ಹಗ್ಗ, ಕೊನೆಯಲ್ಲಿ ಸಮ್ಮೋಹನ. ಅದಕ್ಕೆ ಅತಿಥಿಗಳಲ್ಲೇ ಒಬ್ಬರನ್ನು ವೇದಿಕೆಗೆ ಕರೆಯುತ್ತೇನೆ ಎಂದಿದ್ದ.

ಬಡಿಸುವವರಲ್ಲಿ ಭೀಮರಾಯ ಎಂಬುವರಿದ್ದರು. ಕಲಬುರಗಿ ಕಡೆಯವರು, ನನ್ನ ತಂದೆಗಿಂತ ಹಿರಿಯರು. ರೆಸಾರ್ಟ್ ಕಟ್ಟುವಾಗ ಗಾರೆ ಕೆಲಸಕ್ಕೆ ಬಂದು ಇಲ್ಲೇ ಉಳಿದಿದ್ದರು. ದೊಡ್ಡ ಔತಣಗಳಿದ್ದಾಗ ರೆಸಾರ್ಟ್‌ನವರು ಅವರನ್ನು ದಿನಗೂಲಿಗೆ ಕರೆಯುತ್ತಿದ್ದರು. ನಾನು, ಕರ್ನಾಟಕದಿಂದ ವರ್ಗವಾಗಿ ಬಂದ ಬ್ಯಾಂಕ್ ನೌಕರರೊಬ್ಬರ ಮಗಳು. ಅಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಅವರು ಪಂಢರಪುರದಲ್ಲಿ ತುಳಸಿ ಮಾಲೆ ಧರಿಸಿದವರು. ಮಾಲೆ ಹಾಕಿದವರು ಮದ್ಯ ಮುಟ್ಟುವುದಿಲ್ಲ. "ನೀರು, ರೊಟ್ಟಿ ಎಷ್ಟ್ ಬೇಕಾದ್ರೂ ಒಯ್ತೀನ್ರಿ ಅಕ್ಕಾರ, ಆ ಗ್ಲಾಸ್ ಒಂದು ಒಲ್ಲೆ" ಎಂದು ಸೇರುವಾಗಲೇ ಹೇಳಿದ್ದರು. ಮಾಲೆ ಕಾಣದಂತೆ ಕಾಲರ್ ಗುಂಡಿ ಹಾಕಿಕೊಳ್ಳಬೇಕೆಂಬ ಷರತ್ತಿನ ಮೇಲೆ ಮ್ಯಾನೇಜರ್ ಒಪ್ಪಿದ್ದರು.

ಆ ಸಂಜೆ ಸಮ್ಮೋಹನಕ್ಕೆ ಅತಿಥಿಗಳಾರೂ ಏಳಲಿಲ್ಲ. "ಮನೆಯಲ್ಲಿ ಹೆಂಡತಿ ದಿನಾ ಮಾಡ್ತಾಳೆ, ಸಾಕು" ಎಂದು ಒಬ್ಬ ಡೀಲರ್ ಮರಾಠಿಯಲ್ಲಿ ಹೇಳಿ ನಗಿಸಿದ. ಜಾದೂಗಾರನ ಕಣ್ಣು ನೀರಿನ ಜಗ್ ಹಿಡಿದು ನಿಂತಿದ್ದ ಭೀಮರಾಯರ ಮೇಲೆ ಬಿತ್ತು. "ಏ ಕಾಕಾ, ಇಕಡೆ ಯೇ!" ಎಂದು ವೇದಿಕೆಗೆ ಕರೆದ. ಭೀಮರಾಯರು ಮ್ಯಾನೇಜರ್ ಮುಖ ನೋಡಿದರು. ಮ್ಯಾನೇಜರ್ ಹೋಗು ಎಂಬಂತೆ ತಲೆಯಾಡಿಸಿದರು. ಭೀಮರಾಯರು ಜಗ್ ಕೆಳಗಿಟ್ಟು ವೇದಿಕೆಗೆ ಹೋದರು.

ನಿದ್ದೆ ಮಾಡು ಎಂದಾಗ ಕಣ್ಣು ಮುಚ್ಚಿದರು. ಕೋಳಿಯಾಗು ಎಂದಾಗ ಮೊಣಕಾಲೂರಿ ಕೂಗಿದರು. ಟೇಬಲ್‌ಗಳಲ್ಲಿ ಫೋನುಗಳು ಮೇಲೆದ್ದವು. ನಿಲ್ಲಿಸಿ ಎಂದು ನಾನು ಮ್ಯಾನೇಜರ್‌ಗೆ ಹೇಳಿದೆ. "ಜನ ಖುಷಿಯಾಗಿದ್ದಾರೆ, ಸುಮ್ಮನಿರು" ಎಂದರು. ಅಷ್ಟರಲ್ಲಿ ಜಾದೂಗಾರ ಮುಂದಿನ ಟೇಬಲ್‌ನಿಂದ ಕೆಂಪು ವೈನ್ ಗ್ಲಾಸ್ ಎತ್ತಿ ಭೀಮರಾಯರ ಕೈಗಿಟ್ಟ. "ಇದು ಕಬ್ಬಿನ ಹಾಲು. ಕುಡಿ."

ಭೀಮರಾಯರು ಕಣ್ಣು ತೆರೆದರು. ಜನರ ನಡುವೆ ನನ್ನನ್ನು ಹುಡುಕಿ ಕೇಳಿದರು: "ಅಕ್ಕಾರ, ಇದನ್ನೂ ಕುಡೀಬೇಕೇನ್ರಿ?"

"ಕೇಳಿದಿರಾ? ಹಿಂದಿನ ಜನ್ಮದ ಭಾಷೆ!" ಎಂದು ಜಾದೂಗಾರ ಮೈಕಿನಲ್ಲಿ ಕೂಗಿದ. ಹಾಲ್ ತುಂಬ ಚಪ್ಪಾಳೆ.

ನಾಲ್ಕು ಜನರೆದುರು ಮಾತಾಡುವುದು ನನ್ನ ಸ್ವಭಾವವಲ್ಲ. ಆದರೂ ವೇದಿಕೆ ಹತ್ತಿ ಭೀಮರಾಯರ ಕೈಯಿಂದ ಗ್ಲಾಸ್ ತೆಗೆದುಕೊಂಡೆ. "ಬ್ಯಾಡ್ರಿ, ಇಳೀರಿ" ಎಂದೆ. ಜಾದೂಗಾರನ ಮೈಕ್ ತೆಗೆದುಕೊಂಡು ಮರಾಠಿಯಲ್ಲಿ ಹೇಳಿದೆ: "ಇವರು ನಿದ್ದೆಯಲ್ಲಿಲ್ಲ. ಇದನ್ನೂ ಕುಡಿಯಬೇಕಾ ಎಂದು ಕನ್ನಡದಲ್ಲಿ ಕೇಳುತ್ತಿದ್ದಾರೆ. ಕುಡಿಯುವುದಿಲ್ಲ." ಸಿಟ್ಟಿನಲ್ಲೇ ಮೈಕನ್ನು ಅವನ ಕೈಗೆ ತುರುಕಿದೆ. ಯಾರೋ ಬೇಗನೆ ಹಾಡು ಹಾಕಿದರು.

ಅಡುಗೆಮನೆಯಲ್ಲಿ ಜಾದೂಗಾರ ನನ್ನ ಮೇಲೆ ಹರಿಹಾಯ್ದ. "ಕಟ್ಟಿ ಎಳೆದು ತಂದೆನಾ? ಕರೆದೆ, ಬಂದ." ಕಂಪನಿಯವರ ಕ್ಷಮೆ ಕೇಳಬೇಕೆಂದು ಮ್ಯಾನೇಜರ್ ಪಟ್ಟುಹಿಡಿದರು. ಭೀಮರಾಯರ ಮಾಲೆಯ ವಿಷಯ ಮ್ಯಾನೇಜರ್‌ಗೂ ಮೊದಲಿನಿಂದಲೇ ಗೊತ್ತಿತ್ತು. ನಾನು ಕ್ಷಮೆ ಕೇಳಲಿಲ್ಲ.

ಭೀಮರಾಯರು ಮೊಣಕಾಲಿನ ಧೂಳು ಒರೆಸಿಕೊಳ್ಳುತ್ತಿದ್ದರು. "ಅಷ್ಟು ಲೈಟ್ ಮಾರಿಗೆ ಬಿಟ್ರ ನಿದ್ದಿ ಎಲ್ಲಿಂದ ಬರಬೇಕ್ರಿ? ಕೋಳಿ ಆಗಂದ್ರು, ಆದ್ನಿ. ಒಲ್ಲೆ ಅಂದ್ರ ನಾಳಿ ಕೆಲಸಕ್ಕ ಯಾರ್ ಕರೀತಾರ?"

ಒಲ್ಲೆ ಎಂದದ್ದು ನಾನು. ಆದರೂ ಮುಂದಿನ ಔತಣಕ್ಕೆ ಮ್ಯಾನೇಜರ್ ಭೀಮರಾಯರನ್ನು ಕರೆಯಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ನಾನು ಕೇಳಿದಾಗಲೆಲ್ಲ "ಜನ ಸಾಕಷ್ಟಿದ್ದಾರೆ" ಎಂಬ ಉತ್ತರ. ಭೀಮರಾಯರು ಮತ್ತೆ ಗಾರೆ ಕೆಲಸಕ್ಕೆ ಹೋದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ, ಇಳಿಯಬೇಕೆಂದೂ ಅನ್ನಿಸಿಲ್ಲ.

ಈಗ ನಾನು ಸಂಭಾಜಿನಗರದ ಹೋಟೆಲೊಂದರಲ್ಲಿ ಅದೇ ಹುದ್ದೆಯಲ್ಲಿದ್ದೇನೆ. ಬೇಡ ಎನ್ನಲಾಗದವರನ್ನು ಕರೆದು, ತಾವೇ ಬಂದರು ಎಂದು ಹೇಳಬಾರದು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಆದ್ದರಿಂದ ಕಲಾವಿದರು ಯಾರೇ ಬರಲಿ, ನಮ್ಮ ಕೆಲಸದವರನ್ನು ವೇದಿಕೆಗೆ ಕರೆಯಬಾರದು ಎಂದು ಮೊದಲೇ ಹೇಳುತ್ತೇನೆ. ಇತ್ತೀಚೆಗೆ ಒಬ್ಬ ಜಾದೂಗಾರ ಕೇಳಿದ: "ಅತಿಥಿಗಳು ಯಾರೂ ಬರದಿದ್ದರೆ, ಮ್ಯಾಡಮ್?"

"ಆ ಆಟ ಆಡಬೇಡಿ" ಎಂದೆ.