ಗಂಗವ್ವನಿಗೆ ಮುಟ್ಟದ ಬಾಗಿನ

ಕವರಿಗೆ ಇಲಿ ಕೊರೆದ ತೂತಿನಿಂದ ಹಳೆಯ ಅರಿಸಿನದ ವಾಸನೆ ಬಂದಾಗಲೇ ಕೈಯಲ್ಲಿದ್ದ ಗಂಟು ಯಾವುದೆಂದು ಗೊತ್ತಾಯಿತು. ಎದುರುಮನೆ ಅಕ್ಕ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುತ್ತಿದ್ದ ಅವಳ ತಮ್ಮ, "ಇದೇನೋ ನೋಡ್ರಿ, ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ" ಎಂದು ಕೊಟ್ಟು ಹೋಗಿದ್ದ. ಪ್ಲಾಸ್ಟಿಕ್ ಕವರಿನೊಳಗೆ ಎರಡು ಮೊರ, ಸಂದಿಯಲ್ಲಿ ಇಣುಕುವ ಗಿಳಿಹಸಿರು ರವಿಕೆ ಕಣ...

ವಾಣಿವಿಲಾಸ ಸಾಗರ ಎಷ್ಟೋ ಕಾಲದ ಮೇಲೆ ಕೋಡಿ ಬಿದ್ದ ವರ್ಷ ಹಿರಿಯೂರಿಗೆ ಹಿರಿಯೂರೇ ಬಾಗಿನ ಹೊತ್ತು ಓಡಿತ್ತು. ಅಕ್ಕನ ಒಬ್ಬಳೇ ಮಗಳು ಆಗ ಆಸ್ಪತ್ರೆಯಲ್ಲಿದ್ದಳು, ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಗಳ ಮದುವೆಯ ಕಣವನ್ನೇ ಮೊರದಲ್ಲಿಟ್ಟು, ನೆನೆಯದಿರಲಿ ಎಂದು ಕವರು ಸುತ್ತಿ ಗಂಟು ಬಿಗಿದಳು.

"ನೀರಿಗೆ ಕೊಡೋದು ನೆನೀಬಾರ್ದಾ?" ಎಂದು ನಾನು ನಕ್ಕಿದ್ದೆ.

"ಸುಮ್ನಿರೇ, ಗಂಗವ್ವನಿಗೆ ಕೊಡೋದು ಹಸನಾಗಿರ್ಲಿ" ಎಂದಳು. ಮಗಳು ಉಳಿಯಲಿ ಎಂದು ಬೇಡಿ ಅದನ್ನು ನೀರಿಗೆ ಬಿಟ್ಟಳು.

ಮಗಳು ದೀಪಾವಳಿ ನೋಡಲಿಲ್ಲ.

ಅಕ್ಕ ಊಟ ಬಿಟ್ಟಳು, ಮಾತು ಬಿಟ್ಟಳು. ಫಾಲ್ಗುಣದಲ್ಲಿ ನಾನೇ ಬಲವಂತ ಮಾಡಿ ಹೊಸದುರ್ಗದ ಕಡೆಯ ಹಿನ್ನೀರಿಗೆ ಕರೆದುಕೊಂಡು ಹೋದೆ. ನೀರು ತುಂಬಿ ಅಲ್ಲಿನ ಗುಡ್ಡಗಳೆಲ್ಲ ನಡುಗಡ್ಡೆಗಳಾಗಿದ್ದವು. ಮೀನು ಹಿಡಿಯುವವನ ತೆಪ್ಪದಲ್ಲಿ ಕೂತು ಉತ್ತರದ ತುದಿಯ ನಡುಗಡ್ಡೆಗೆ ಹೋದೆವು. ಹೊಂಗೆ ಚಿಗುರಿತ್ತು, ಮುತ್ತುಗ ಕೆಂಪಗೆ ಅರಳಿತ್ತು. ಬೆಳ್ಳಕ್ಕಿಯೊಂದು ಬಾಯಿಗೆ ಬಂದ ಮೀನನ್ನು ಜಾರಿಸಿಕೊಂಡು ಬೆಪ್ಪಾಗಿ ನಿಂತದ್ದನ್ನು ಕಂಡು ಅಕ್ಕ ನಕ್ಕೇಬಿಟ್ಟಳು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತೋ... ನನಗೆ ಹೋದ ಜೀವ ಬಂದಂತಾಯಿತು.

ಆಗಲೇ ದಂಡೆಯ ಬಾಟಲಿ, ಲೋಟಗಳ ನಡುವೆ, ಗಾಳಿಗೆ ತೇಲಿ ಬಂದು ಜಾಲಿಗಿಡಕ್ಕೆ ಸಿಕ್ಕಿಕೊಂಡಿದ್ದ ಆ ಗಿಳಿಹಸಿರು ಅವಳ ಕಣ್ಣಿಗೆ ಬಿತ್ತು.

"ಗಂಗವ್ವನ ಕೈಗೆ ಮುಟ್ಟೇ ಇಲ್ಲ ಕಣೇ. ನಾನೇ ಗಂಟು ಬಿಗ್ದಿದ್ದೆ" ಎಂದಳು.

"ಡಾಕ್ಟ್ರ ಕೈಲೇ ಆಗ್ಲಿಲ್ಲಕ್ಕ, ಇದ್ರಿಂದ ಏನಾಗ್ತಿತ್ತು?" ಎಂದೆ. ಅವಳು ಕೇಳುವವಳಲ್ಲ. ಈಗಲಾದರೂ ಬಿಚ್ಚಿ ನೀರಿಗೆ ಬಿಡು ಎಂದರೆ, "ಇನ್ ಯಾರಿಗೋಸ್ಕರ?" ಎಂದು ಗಂಟನ್ನು ಎದೆಗವಚಿಕೊಂಡು ಮನೆಗೆ ತಂದಳು.

ಅಲ್ಲಿಂದ ಪ್ರತಿ ಫಾಲ್ಗುಣದಲ್ಲೂ ಗೋಣಿಚೀಲ ಹಿಡಿದು ಹೊರಡುವಳು, ಜೊತೆಗೆ ನಾನು. ಕಸವನ್ನೆಲ್ಲ ಆಯ್ದು ಚೀಲಕ್ಕೆ ತುಂಬುತ್ತಿದ್ದಳು. ಯಾರದೋ ಬಾಗಿನ ಸಿಕ್ಕರೆ ಮಾತ್ರ ಅಲ್ಲೇ ಕೂತು, ಕವರು ಬಿಚ್ಚಿ, ಮೊರವನ್ನು ನೀರಿಗೆ ಬಿಟ್ಟು, "ಇವ್ರುದಾದ್ರೂ ಮುಟ್ಲಿ" ಎನ್ನುತ್ತಿದ್ದಳು. ಬೀದಿಯವರು ಅವಳಿಗೆ ತಲೆ ಕೆಟ್ಟಿದೆ ಎಂದರು. ಹಾಗೆಂದವರ ಮನೆಯ ಮೊರಗಳೂ ಅದರಲ್ಲಿ ಇದ್ದಿರಬೇಕು ಎನ್ನಿ.

ಮೊನ್ನೆ ಗಂಟು, ಗೋಣಿಚೀಲ ಹಿಡಿದು ಒಬ್ಬಳೇ ಹೋದೆ. ಹೊಂಗೆ ಚಿಗುರಿತ್ತು, ಬೆಳ್ಳಕ್ಕಿಗಳೂ ಇದ್ದವು. ಬಿಚ್ಚಲು ಹೋದರೆ ಉಗುರು ಸೋತವು, ಕೊನೆಗೆ ಹಲ್ಲಿನಿಂದ ಕಚ್ಚಿ ಹರಿದೆ. ಅಷ್ಟು ಬಿಗಿದಿದ್ದಳು ಮಹಾರಾಯ್ತಿ. ಕಣಕ್ಕೆ ಒಂದು ಹನಿ ನೀರೂ ಸೋಕಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಮೊರವನ್ನು ನೀರಿಗಿಟ್ಟೆ. ಹಸಿರು ನಿಧಾನವಾಗಿ ನೆನೆಯುತ್ತಾ ಹೋಯಿತು... ಕವರನ್ನು ಗೋಣಿಚೀಲಕ್ಕೆ ಹಾಕಿಕೊಂಡೆ.

"ಮುಟ್ತು ಕಣಕ್ಕ" ಎಂದೆ. ಕೇಳಿಸಿಕೊಳ್ಳಲು ಅಕ್ಕ ಇರಲಿಲ್ಲ.