ನಲವತ್ತೆಂಟು ಕೋರ್ ಖಾಲಿ

ಪುಷ್ಯದ ಚಳಿ. ಬೆಳಗಿನ ಆರು ಗಂಟೆಗೇ ಮತ್ತಿಕೆರೆಯ ಕಾಲೇಜೊಂದರ ಕಂಪ್ಯೂಟರ್ ಕೋಣೆಯಲ್ಲಿ ನಾರಾಯಣಮ್ಮ ಸ್ವೆಟರ್ ಮೇಲೊಂದು ಶಾಲು ಹೊದ್ದು ಪರದೆ ನೋಡುತ್ತಿದ್ದಾರೆ. ಹೊರಗಿಗಿಂತ ಒಳಗೇ ಚಳಿ ಹೆಚ್ಚು. ಯಂತ್ರ ಬಿಸಿಯಾಗಬಾರದೆಂದು ಏಸಿ ಹಗಲಿರುಳು ಓಡುತ್ತದೆ. ಆ ಯಂತ್ರದೊಳಗೆ ಲೆಕ್ಕ ಮಾಡುವ ಕೋರ್‌ಗಳು ಅರವತ್ತನಾಲ್ಕು. ಸೊನ್ನೆಯಿಂದ ಹದಿನೈದನೆಯ ನಂಬರಿನವರೆಗಿನ ಹದಿನಾರು ಏದುಸಿರು ಬಿಡುತ್ತಿವೆ. ಉಳಿದ ನಲವತ್ತೆಂಟು ಸುಮ್ಮನೆ ಕೂತಿವೆ.

"ನೋಡಿ, ಇಂಗೆ," ಎಂದು ಪರದೆಯ ಮೇಲೆ ಬೆರಳಿಡುತ್ತಾರೆ. "ನಾಲ್ಕು ಜನದ ಕೆಲಸ, ಒಬ್ಬೊಬ್ಬರದು ಹದಿನಾರು ತುಂಡು. ನಾಲ್ಕೂ ಅದೇ ಹದಿನಾರರ ಮೇಲೆ ಕೂತವೆ. ಬಸ್ಸೆಲ್ಲಾ ಖಾಲಿ ಬಿದ್ದೈತೆ, ಮುಂದಿನ ಸೀಟಲ್ಲೇ ಒಬ್ರ ತೊಡೆ ಮೇಲೊಬ್ರು ಕೂತ್ರೆ ಡ್ರೈವರ್ ಏನ್ ಮಾಡ್ತಾನೆ?"

ಯಾರ ಲೆಕ್ಕ ಯಾವ ಕೋರ್ ಮೇಲೆ ಓಡುತ್ತಿದೆ ಎಂದು ನೋಡಿಕೊಳ್ಳುವುದೇ ಅವರ ಕೆಲಸ. ವಯಸ್ಸು ನಲವತ್ತೇಳು. ಮಾಕಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಮನೆಯವರು. ಡಿಪ್ಲೊಮಾ ಮುಗಿಸಿ ಇಲ್ಲಿ ಕೀಬೋರ್ಡ್ ಒರೆಸುವ ಕೆಲಸಕ್ಕೆ ಸೇರಿ, ಉಳಿದದ್ದನ್ನೆಲ್ಲ ಕೈಪಿಡಿ ಓದಿ ಕಲಿತರು. ಹದಿನಾಲ್ಕು ವರ್ಷವಾದರೂ ಗುತ್ತಿಗೆಯ ನೌಕರಿಯೇ.

ಅದೂ ಇಂದು ತೂಗಾಡುತ್ತಿದೆ. ಹನ್ನೊಂದಕ್ಕೆ ವಿಭಾಗದ ಸಭೆ. ಯಂತ್ರ ನಿಧಾನ, ಗುಜರಿಗೆ ಹಾಕಿ ಹೊರಗಿನ ಯಂತ್ರ ಬಾಡಿಗೆಗೆ ಹಿಡಿಯೋಣ ಎನ್ನುವುದು ಮುಖ್ಯಸ್ಥ ಅಶ್ವತ್ಥ್ ಅವರ ಮಾತು. ಯಂತ್ರ ಹೋದರೆ ನಾರಾಯಣಮ್ಮನೂ ಮನೆಗೆ. ಆರು ಗಂಟೆಯಲ್ಲಿ ಮುಗಿಯುವ ಲೆಕ್ಕಕ್ಕೆ ಒಂದಿಡೀ ದಿನ ಹಿಡಿಯುತ್ತಿರುವುದು ನಿಜ. ಕಾರಣ ಮಾತ್ರ ಯಂತ್ರದ್ದಲ್ಲ.

ಓಡುತ್ತಿರುವ ಲೆಕ್ಕವನ್ನು ನಿಲ್ಲಿಸದೆಯೇ ಖಾಲಿ ಕೋರ್‌ಗಳಿಗೆ ಸರಿಸಬಹುದು. ಆದರೆ ಅದರ ಒಡೆಯರನ್ನು ಕೇಳದೆ ಮುಟ್ಟಬಾರದೆಂಬ ನಿಯಮವಿದೆ. ಒಬ್ಬರದು ಇದ್ದಲ್ಲೇ ಇರಬಹುದು, ಉಳಿದ ಮೂವರನ್ನು ಕೇಳಬೇಕು. ಸಂಶೋಧನೆ ಮಾಡುತ್ತಿರುವ ರಕ್ಷಾಗೆ ಮೊದಲ ಫೋನ್.

"ನಿನ್ನ ಕೆಲಸ ಪಕ್ಕಕ್ಕೆ ಸರಿಸ್ಲೇನಮ್ಮಾ?"

"ಬೇಡ ಮೇಡಂ. ಕೆಲಸ ಶುರು ಮಾಡೋಕೆ ಸೀನಿಯರ್ ಕೊಟ್ಟ ಸ್ಕ್ರಿಪ್ಟ್ ಅದು, ಎಲ್ರೂ ಅದನ್ನೇ ಹಾಕೋದು. ಮುಟ್ಟಿದ್ರೆ ಕೆಟ್ಟೋಗುತ್ತೆ."

"ಆ ಸೀನಿಯರ್‌ಗೆ ಯಾರ್ ಕೊಟ್ರು?"

"ಅವರ ಸೀನಿಯರ್."

"ಅವರಿಗೆ ನಾನು ಕಣಮ್ಮ. ಹನ್ನೊಂದು ವರ್ಷ ಆಯ್ತು. ಸೊನ್ನೆಯಿಂದ ಹದಿನೈದರ ಮೇಲೇ ಕೂತ್ಕೋ ಅಂತ ಅದ್ರಲ್ಲಿ ಬರ್ದಿದ್ದೆ. ಆಗಿನ ಯಂತ್ರದಲ್ಲಿ ಇದ್ದಿದ್ದೇ ಹದಿನಾರು ಕೋರ್, ಒಂದ್ಸಲಕ್ಕೆ ಒಬ್ರದೇ ಕೆಲಸ."

"ಹಂಗಾದ್ರೆ ಸರಿಸಿ ಮೇಡಂ."

ಇನ್ನೊಂದು ಲೆಕ್ಕದ ಒಡೆಯ ವಿಜಯಕುಮಾರ ನಾಲ್ಕನೇ ಸಲಕ್ಕೆ ಫೋನ್ ಎತ್ತುತ್ತಾನೆ. "ಮೇಡಂ, ಕನಸಲ್ಲೂ ನೀವೇ ಬರ್ತೀರ."

"ಬರ್ತೀನಿ ಕಣೋ. ಅಲ್ಲೂ ನೀನು ಸೊನ್ನೆ ನಂಬರಿಂದಾನೇ ಶುರು ಮಾಡಿರ್ತೀಯ."

ಫೋನಿಟ್ಟು ನಿಟ್ಟುಸಿರು ಬಿಡುತ್ತಾರೆ. "ಸೊನ್ನೆಯಿಂದ ಶುರು ಮಾಡ್ಬೇಡಿ ಅಂತ ಗೋಡೆ ಮೇಲೆ ಬರೆದು ಅಂಟ್ಸಿದೀನಿ. ಫೋಟೋ ತಕ್ಕೊಂಡ್ ಹೋಗ್ತವೆ. ಓದಲ್ಲ."

ಮೂರನೆಯವರೂ ಒಪ್ಪುವ ಹೊತ್ತಿಗೆ ಏಳು ಗಂಟೆ. ಒಂದೊಂದಕ್ಕೆ ಹದಿನಾರರಂತೆ ನಾಲ್ಕೂ ತಂತಮ್ಮ ಜಾಗಕ್ಕೆ ಹೋಗುತ್ತವೆ. ನಿನ್ನೆ ರಾತ್ರಿ ಹತ್ತರಿಂದ ತೆವಳುತ್ತಿದ್ದ ಲೆಕ್ಕಗಳು ಹತ್ತೂ ಮುಕ್ಕಾಲಿಗೆ ಮುಗಿಯುತ್ತವೆ.

ಏನಾಯಿತೆಂದು ನಾರಾಯಣಮ್ಮ ಬರೆದುಕೊಟ್ಟ ಕಾಗದವನ್ನು ಸಭೆಯಲ್ಲಿ ಅಶ್ವತ್ಥ್ ಎರಡು ಸಲ ಓದುತ್ತಾರೆ. "ಸರಿ, ಎಲ್ಲಾ ಒಂದೇ ಕಡೆ ಕೂರೋ ಹಂಗೆ ಬರೆದೋರು ಯಾರ್ರೀ?"

ಕಾಲೇಜು ಬಿಟ್ಟುಹೋದ ಯಾರದಾದರೂ ಹೆಸರು ಹೇಳಬಹುದಿತ್ತು. "ನಾನೇ ಸಾರ್," ಎನ್ನುತ್ತಾರೆ ನಾರಾಯಣಮ್ಮ.

ಯಂತ್ರ ಉಳಿಯುತ್ತದೆ, ನೌಕರಿಯೂ ಇನ್ನೊಂದು ವರ್ಷ ಉಳಿಯುತ್ತದೆ. ನಡಾವಳಿಯಲ್ಲಿ ಮಾತ್ರ 'ಆಪರೇಟರರ ತಪ್ಪಿನಿಂದ ವಿಳಂಬ' ಎಂದು ಬರೆಯಲಾಗುತ್ತದೆ. ಸರಿಪಡಿಸಿದವರಿಗೆ ಸಲ್ಲಬೇಕಾದ ಒಂದು ಮೆಚ್ಚುಗೆಯ ಮಾತೂ ಅದರಲ್ಲಿಲ್ಲ.

ಅವರು ಓದಿ ರುಜು ಹಾಕುತ್ತಾರೆ. "ಬರ್ಕೊಳ್ಳಲಿ ಬಿಡಿ. ಹನ್ನೊಂದು ವರ್ಷ ಒಂದಕ್ಷರ ಬದಲಾಯಿಸ್ದೆ ಓಡ್ಸವ್ರೆ ಅಂದ್ರೆ, ನಾನು ಬರೆದಿದ್ದು ನೆಟ್ಟಗಿತ್ತು ಅಂತ ತಾನೆ."